ಸಾಗರ ಮೂರು, ನಗರ ಎರಡು, ಬೆಳಗಾಮಿ ಎಲ್ಲಿ?

ಓದುಗರ ಪ್ರಶ್ನೆ

ಸರ್, ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಮ್ಮೂರ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ಸಾಗರದ ಚರಿತ್ರೆ ಬರೆದು ಕೊಡಿ ಎಂದು ಸಮಿತಿಯವರು ನನಗೆ ಹೇಳಿದ್ದಾರೆ. ಜೊತೆಗೆ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿರುವ ಒಂದು ಬರಹ ಕಳಿಸಿ, "ಇದನ್ನೇ ಹಾಕಿದರೆ ಆಯ್ತು" ಅಂದಿದ್ದಾರೆ. 1327ರಲ್ಲಿ ಸಾಗರದ ಅಧಿಕಾರಿಯೊಬ್ಬ ದಿಲ್ಲಿ ಸುಲ್ತಾನನ ಮೇಲೆ ತಿರುಗಿ ಬಿದ್ದ, 1660ರಲ್ಲಿ ರಾಜನೊಬ್ಬ ಕೋಟೆ ಕಟ್ಟಿ ಸಾಗರ ಸ್ಥಾಪಿಸಿದ, 1946ರಲ್ಲೇ ಸಾಗರದಲ್ಲಿ ವಿಶ್ವವಿದ್ಯಾಲಯ ಶುರುವಾಯಿತು ಎಂದೆಲ್ಲ ಅದರಲ್ಲಿದೆ. ಹುಟ್ಟಿ ಬೆಳೆದ ಊರಿನ ಬಗ್ಗೆ ಇದ್ಯಾವುದನ್ನೂ ನಾನು ಕೇಳಿಯೇ ಇಲ್ಲ. ಬೇಡ ಅಂದರೆ ಊರಿನ ಹೆಮ್ಮೆಗೆ ಅಡ್ಡ ಬಂದ ಹಾಗೆ ಆಗುತ್ತದೆ.

ಇನ್ನೆರಡು ವಿಷಯ. ನಮ್ಮ ಅಜ್ಜಯ್ಯನ ಕಾಲದ ತೋಟದ ಕ್ರಯಪತ್ರದಲ್ಲಿ "ನಗರ ತಾಲ್ಲೂಕು" ಎಂದಿದೆ. ಆ ತೋಟ ಈಗ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ತಿದ್ದುಪಡಿ ಮಾಡಿಸದಿದ್ದರೆ ಮುಂದೆ ಕಷ್ಟ ಎಂದು ನಮ್ಮ ಭಾವ ಹೇಳುತ್ತಿದ್ದಾರೆ. ಹಾಗೆಯೇ ನಮ್ಮ ದೊಡ್ಡಪ್ಪ ಹಳೇ ಇಂಗ್ಲಿಷ್ ಪುಸ್ತಕವೊಂದರಿಂದ "ಬೆಳಗಾಮಿ" ಎಂಬ ಊರಿನ ಉಲ್ಲೇಖ ಬರೆದಿಟ್ಟಿದ್ದರು. ನಮ್ಮ ಮೂಲ ಬೆಳಗಾವಿ ಎಂದು ಮನೆಯವರೆಲ್ಲ ನಂಬಿದ್ದಾರೆ. ವಂಶಾವಳಿಯಲ್ಲಿ ಹಾಗೇ ಬರೆಯಬಹುದೇ?

ಉತ್ತರ

ಮೂರು ಪ್ರಶ್ನೆ ಕೇಳಿದ್ದೀರಿ, ಆದರೆ ಮೂರರ ಬೇರೂ ಒಂದೇ. ಕಾಗದದಲ್ಲಿ ಕಂಡ ಹೆಸರಿಗೂ ಕಣ್ಣೆದುರಿನ ಊರಿಗೂ ತಾಳೆ ಆಗುತ್ತಿಲ್ಲ. ಕಾಗದ ಸುಳ್ಳೋ, ನಮಗೆ ತಿಳಿದದ್ದು ತಪ್ಪೋ ಎಂಬ ಕಳವಳ ನಿಮ್ಮದು. ಶಿವಮೊಗ್ಗದಲ್ಲಿ ಚರಿತ್ರೆ ಪಾಠ ಮಾಡಿಕೊಂಡು, ಊರವರು ತರುವ ಹಳೇ ಕಾಗದಪತ್ರ ಓದಿಕೊಡುತ್ತಾ ಬಂದವನು ನಾನು. ಈ ಗೋಜಲು ಮಲೆನಾಡಿನಲ್ಲಿ ಜಾಸ್ತಿ. ರಾಜಧಾನಿ ಬದಲಾದಾಗ, ತಾಲ್ಲೂಕು ಕಚೇರಿ ಜಾಗ ಬದಲಿಸಿದಾಗ ಇಲ್ಲಿನ ಹೆಸರುಗಳೂ ಜಾಗ ಬಿಟ್ಟು ಹೋಗಿವೆ.

ಮೊದಲು ವಾಟ್ಸ್ಯಾಪ್ ಬರಹದ ವಿಚಾರ. ನೀವು ಎತ್ತಿ ಬರೆದ ಮೂರು ಸಂಗತಿಗಳೂ ನಿಜವಾಗಿ ನಡೆದವೇ. ಆದರೆ ಒಂದೂ ನಮ್ಮ ಸಾಗರದ್ದಲ್ಲ. ಸಾಗರ ಎಂದು ಹುಡುಕಿದಾಗ ಸಿಕ್ಕ ಬೇರೆ ಎರಡು ಊರುಗಳ ಕತೆಯನ್ನು ಯಾರೋ ಒಟ್ಟಿಗೆ ಹೊಲಿದು, ಕೆಳಗೆ ಜೋಗದ ಫೋಟೋ ಹಾಕಿ ಹಂಚಿರಬೇಕು. 1660ರಲ್ಲಿ ಸ್ಥಾಪನೆಯಾದ ಊರಿನಲ್ಲಿ 1327ರಲ್ಲಿ ಅಧಿಕಾರಿ ಇರಲು ಹೇಗೆ ಸಾಧ್ಯ ಎಂದು ಕೇಳಿದ್ದರೂ ಸಾಕಿತ್ತು, ಗುಟ್ಟು ಬಯಲಾಗುತ್ತಿತ್ತು.

ಒಂದೊಂದಾಗಿ ನೋಡೋಣ.

1660ರ ಸಾಗರ ಇರುವುದು ಮಧ್ಯಪ್ರದೇಶದಲ್ಲಿ, ಬುಂದೇಲಖಂಡದ ಸೀಮೆಯಲ್ಲಿ. ಉದನ್ ಶಾ ಎಂಬುವನು ಅಲ್ಲಿ ಚಿಕ್ಕ ಕೋಟೆ ಕಟ್ಟಿ, ಪಕ್ಕದಲ್ಲಿ ಹಳ್ಳಿಯೊಂದನ್ನು ನೆಲೆಗೊಳಿಸಿದ. ಆಮೇಲೆ ಮರಾಠರ ಆಡಳಿತ ಬಂತು, 1818ರಲ್ಲಿ ಇಂಗ್ಲಿಷರ ಕೈಗೆ ಹೋಯಿತು. ಆ ಊರಿನ ನಡುವೆ ದೊಡ್ಡ ಕೆರೆ ಇದೆ. ವಿಶ್ವವಿದ್ಯಾಲಯವೂ ಅಲ್ಲಿಯದೇ. ಆ ಊರಿನಲ್ಲೇ ಹುಟ್ಟಿದ ಡಾ. ಹರಿಸಿಂಗ್ ಗೌರ್ ಎಂಬ ದೊಡ್ಡ ವಕೀಲರು ತಾವು ದುಡಿದ ಹಣ ಹಾಕಿ 1946ರಲ್ಲಿ ಅದನ್ನು ಶುರು ಮಾಡಿದರು. ಈಗ ಅದಕ್ಕೆ ಅವರದೇ ಹೆಸರು. ದೊಡ್ಡ ಕೆಲಸ, ಗೌರವದಿಂದ ನೆನೆಯಬೇಕಾದ್ದು. ನಮ್ಮ ಸಂಚಿಕೆಯಲ್ಲಿ ನಮ್ಮದೆಂದು ಹಾಕಿಕೊಂಡರೆ ಅವರ ದುಡಿಮೆಯನ್ನು ಕಸಿದುಕೊಂಡ ಹಾಗೆ ಆಗುತ್ತದೆ.

ಹಾಗಾದರೆ ಎರಡಕ್ಕೂ ಒಂದೇ ಹೆಸರು ಯಾಕೆ? ಕಾರಣ ಸರಳ. ಎರಡೂ ಕೆರೆಯಿಂದ ಹೆಸರು ಪಡೆದ ಊರುಗಳು. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಾಗರ, ಸಮುದ್ರ ಎಂದು ಕರೆಯುವುದು ಹಳೇ ರೂಢಿ. ಶಾಂತಿಸಾಗರ, ವ್ಯಾಸಸಮುದ್ರ ನೆನಪು ಮಾಡಿಕೊಳ್ಳಿ. ಒಬ್ಬರಿಂದ ಇನ್ನೊಬ್ಬರು ಹೆಸರು ಪಡೆದರು ಎನ್ನಲು ಯಾವ ಆಧಾರವೂ ಇಲ್ಲ.

ಇಲ್ಲೊಂದು ಸೋಜಿಗ ಇದೆ. ಮಧ್ಯಪ್ರದೇಶದ ಸಾಗರದ ಕೆರೆಯನ್ನು ಲಾಖಾ ಬಂಜಾರನ ಕೆರೆ ಎನ್ನುತ್ತಾರೆ. ಬಂಜಾರರ ನಾಯಕ ಕೆರೆ ತೋಡಿಸಿದ, ನೀರು ಬೀಳಲಿಲ್ಲ, ಮಗನನ್ನೂ ಸೊಸೆಯನ್ನೂ ಕೆರೆಯಂಗಳದಲ್ಲಿ ಬಲಿ ಕೊಟ್ಟಮೇಲೆ ನೀರು ಉಕ್ಕಿತು ಎಂದು ಅಲ್ಲಿನ ಜನ ಕತೆ ಹೇಳುತ್ತಾರೆ. ಇದನ್ನು ಓದಿದ ಯಾವ ಕನ್ನಡಿಗರಿಗೂ "ಕೆರೆಗೆ ಹಾರ"ದ ಭಾಗೀರಥಿ ನೆನಪಾಗದೆ ಇರಲಾರಳು. ಕಿರಿ ಸೊಸೆಯನ್ನು ಕೆರೆಗೆ ಕೊಟ್ಟ ಅದೇ ಸಂಕಟ. ಬರಗಾಲಕ್ಕೆ ಅಂಜಿದ ನಾಡುಗಳಲ್ಲೆಲ್ಲ ಇಂಥ ಕತೆ ಹುಟ್ಟಿದೆ. ಅದು ಆಯಾ ಜನರ ನೋವಿನ ನೆನಪು. ಆದರೆ ಕತೆ ಒಂದೇ ತರಹ ಇದೆ ಎಂದು ಎರಡೂ ಊರಿಗೆ ಸಂಬಂಧ ಕಟ್ಟಬೇಡಿ.

ಇನ್ನು 1327ರ ಸಾಗರ. ಅದು ನಮ್ಮ ರಾಜ್ಯದಲ್ಲೇ ಇದೆ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ. ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲದ ಊರು, ಆದರೆ ಚರಿತ್ರೆಯಲ್ಲಿ ಭಾರಿ ತೂಕದ್ದು. ದಿಲ್ಲಿಯ ಮಹಮದ್ ಬಿನ್ ತುಘಲಕನ ಹತ್ತಿರದ ನೆಂಟ ಬಹಾವುದ್ದೀನ್ ಗರ್ಶಾಸ್ಪ ಅಲ್ಲಿ ಅಧಿಕಾರಿಯಾಗಿದ್ದ. ಅವನು ಸುಲ್ತಾನನ ಮೇಲೆ ದಂಗೆ ಎದ್ದು, ಸೋತು, ತುಂಗಭದ್ರೆಯ ದಡದ ಕಂಪಿಲಿಗೆ ಓಡಿ ಬಂದು ಆಶ್ರಯ ಬೇಡಿದ. ಕಂಪಿಲಿಯ ಅರಸ ಕೊಟ್ಟ ಮಾತು ಬಿಡಲಿಲ್ಲ. ದಿಲ್ಲಿಯ ಸೈನ್ಯ ಬಂದು ಕಂಪಿಲಿಯನ್ನು ನೆಲಸಮ ಮಾಡಿತು. ಗರ್ಶಾಸ್ಪ ಅಲ್ಲಿಂದ ಹೊಯ್ಸಳರ ಮೂರನೇ ಬಲ್ಲಾಳನ ಬಳಿಗೆ ಹೋದ. ಬಲ್ಲಾಳ ಅವನನ್ನು ಸುಲ್ತಾನನಿಗೆ ಒಪ್ಪಿಸಿದ. ಜೀವಂತ ಚರ್ಮ ಸುಲಿಸಿ ಅವನನ್ನು ಕೊಂದರೆಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.

ಕಂಪಿಲಿ ಬಿದ್ದ ಮೇಲೆ ಆ ಭಾಗದಲ್ಲಿ ಗಟ್ಟಿ ಆಳ್ವಿಕೆ ಇಲ್ಲದೆ ಹೋಯಿತು. ಅದೇ ನೆಲದ ಹತ್ತಿರದಲ್ಲೇ ಕೆಲವೇ ವರ್ಷಗಳಲ್ಲಿ ವಿಜಯನಗರ ತಲೆ ಎತ್ತಿತು. ಅದಕ್ಕೆ ಸಾಮಾನ್ಯವಾಗಿ ಹೇಳುವ ವರ್ಷ 1336. ವಿಜಯನಗರದ ಕೈಕೆಳಗೆ ಬೆಳೆದವರು ನಮ್ಮ ಕೆಳದಿ ನಾಯಕರು. ಆ ನಾಯಕರಲ್ಲೊಬ್ಬ ಕಟ್ಟಿಸಿದ ಕೆರೆಯಿಂದ ನಮ್ಮ ಸಾಗರಕ್ಕೆ ಹೆಸರು ಬಂತು. ಅಲ್ಲಿಗೆ, ಯಾದಗಿರಿ ಕಡೆಯ ಸಾಗರದಲ್ಲಿ ಎದ್ದ ದಂಗೆ ಸುತ್ತಿ ಬಳಸಿ ಮಲೆನಾಡಿನ ಸಾಗರದ ಹುಟ್ಟಿನವರೆಗೆ ಬರುತ್ತದೆ. ಹೆಸರಿನ ನಂಟಿಗಿಂತ ಈ ನಂಟು ಎಷ್ಟೋ ಗಟ್ಟಿ. ಸಂಚಿಕೆಯಲ್ಲಿ ಇದಕ್ಕೆ ಒಂದು ಪುಟ ಕೊಡಿ, ಮಕ್ಕಳು ಖಂಡಿತ ಓದುತ್ತಾರೆ.

ಹಾಗಿದ್ದರೆ ನಮ್ಮ ಸಾಗರದ ಬಗ್ಗೆ ಏನು ಬರೆಯಬೇಕು? ಬರೆಯಲು ಇರುವುದು ಎಷ್ಟೊಂದು ಇದೆ ಎಂದರೆ, ಎರಡು ಸಾವಿರ ಮೈಲಿ ಸುತ್ತಿ ಸರಕು ತರಬೇಕಿಲ್ಲ.

ಹದಿನಾರನೇ ಶತಮಾನದಲ್ಲಿ ಸದಾಶಿವ ನಾಯಕ ಕೆಳದಿಗೂ ಇಕ್ಕೇರಿಗೂ ನಡುವೆ ಕೆರೆ ಕಟ್ಟಿಸಿದ. ಅದು ಸದಾಶಿವಸಾಗರ. ಇವತ್ತು ಪೇಟೆಯ ಮಗ್ಗುಲಲ್ಲೇ ಇರುವ ಗಣಪತಿ ಕೆರೆ ಅದೇ. ಇಕ್ಕೇರಿಗೆ 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಬಂದಿದ್ದ. ಗೋವಾದ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಬಂದ. ದಾರಿಯಲ್ಲಿ ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ನೀವು ಎಷ್ಟೋ ಸಲ ಹೋಗಿರುತ್ತೀರಿ. ಮುಂದಿನ ಸಲ ಹೋದಾಗ ಗರ್ಭಗುಡಿಯ ಎದುರಿನ ನೆಲ ನೋಡಿ. ಅಡ್ಡಬಿದ್ದು ನಮಸ್ಕಾರ ಮಾಡುತ್ತಿರುವ ಮೂವರು ಕೆಳದಿ ನಾಯಕರ ರೂಪಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಅದರಲ್ಲಿ ಒಬ್ಬರ ಕೈಕಾಲಿಗೆ ಬೇಡಿ ಇದೆ. ಅರಸರು ದೇವರ ಮುಂದೆ ನೆಲಕ್ಕೆ ಒರಗಿ, ಬಂದವರೆಲ್ಲರ ಕಾಲಡಿಗೆ ಸಿಗುವಂತೆ ತಮ್ಮನ್ನು ಇರಿಸಿಕೊಂಡಿದ್ದಾರೆ. ಇದೇ ದೇವಸ್ಥಾನದ ನಡುವಿನ ಕಂಬಗಳ ಅಂತರವನ್ನೇ ಬಾಗಾಯ್ತು ಅಳೆಯುವ ಅಳತೆಯಾಗಿ ಹಿಡಿದಿದ್ದರು. ಅಡಿಕೆ ತೋಟದ ಮನೆಯ ಮಕ್ಕಳು ಓದುವ ಸಂಚಿಕೆಗೆ ಇದಕ್ಕಿಂತ ಹತ್ತಿರದ ಮಾತು ಬೇಕೇ?

ಹತ್ತಿರದ ಕಾಲಕ್ಕೆ ಬಂದರೆ 1951ರ ಕಾಗೋಡು ಸತ್ಯಾಗ್ರಹ ಇದೆ. ಗೇಣಿದಾರರು ಹಕ್ಕು ಕೇಳಿ ಎದ್ದು ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು ಇದೇ ತಾಲ್ಲೂಕಿನಲ್ಲಿ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿತು. ಶ್ರೀಗಂಧದಲ್ಲಿ ಕೆತ್ತುವ ಗುಡಿಗಾರರ ಮನೆಗಳಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರೂರೇ ಮುಳುಗಿದವು. ಮುಳುಗಡೆಯಿಂದ ಎದ್ದು ಬಂದ ಹಿರಿಯರು ನಿಮ್ಮೂರಲ್ಲಿ ಇದ್ದರೆ ದಯವಿಟ್ಟು ಈಗಲೇ ಮಾತಾಡಿಸಿ ಬರೆದುಕೊಳ್ಳಿ. ಅವರು ಬಿಟ್ಟು ಬಂದ ಊರುಗಳ ಹೆಸರು ಎಷ್ಟೋ ಕಡೆ ಕಡತದಲ್ಲಿ ಮಾತ್ರ ಉಳಿದಿದೆ.

ಈಗ ನಗರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮ ತೋಟದ ಪ್ರಶ್ನೆ ಇದರಲ್ಲಿದೆ.

ಕೆಳದಿ ನಾಯಕರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋಯಿತು. ರಾಜಧಾನಿ ಹೋದರೂ ಇಕ್ಕೇರಿಯ ಹೆಸರು ನಾಣ್ಯದ ಮೇಲೆ ಉಳಿಯಿತು. ಬಿದನೂರಿನ ಟಂಕಸಾಲೆಯಲ್ಲಿ ಅಚ್ಚಾದ ಚಿನ್ನದ ವರಹಕ್ಕೂ ಜನ ಇಕ್ಕೇರಿ ವರಹ ಎಂದೇ ಹೇಳುತ್ತಿದ್ದರು. ಬಿದನೂರು ಶಿವಪ್ಪ ನಾಯಕನ ಕಾಲದಲ್ಲಿ ದೊಡ್ಡದಾಗಿ ಬೆಳೆಯಿತು. 1763ರಲ್ಲಿ ರಾಣಿ ವೀರಮ್ಮಾಜಿಯನ್ನು ಸೋಲಿಸಿ ಹೈದರಾಲಿ ಊರನ್ನು ಹಿಡಿದ. ತನ್ನ ಹೆಸರು ಸೇರಿಸಿ ಹೈದರ್‌ನಗರ ಎಂದು ಕರೆದ. ಬರಬರುತ್ತಾ ಜನರ ಬಾಯಲ್ಲಿ ಹೈದರ್ ಬಿಟ್ಟುಹೋಗಿ ಸುಮ್ನೆ "ನಗರ" ಉಳಿಯಿತು. ಇವತ್ತೂ ಕೋಟೆ ಇರುವ ಆ ಊರು ನಗರವೇ. ಅದು ಹೊಸನಗರ ಪೇಟೆಯಿಂದ ಸುಮಾರು 17 ಕಿಲೋಮೀಟರ್.

ಊರು ಚಿಕ್ಕದಾಗುತ್ತಾ ಹೋಯಿತು, ಹೆಸರು ಮಾತ್ರ ದೊಡ್ಡದಾಯಿತು. 1830ರ ರೈತರ ದಂಗೆಯನ್ನು ಚರಿತ್ರೆಯಲ್ಲಿ ನಗರ ದಂಗೆ ಎನ್ನುತ್ತೇವೆ. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅದು ಅರಸರಿಗೆ ವಾಪಸ್ ಸಿಕ್ಕಿದ್ದು 1881ರಲ್ಲಿ. ಆ ಐವತ್ತು ವರ್ಷಗಳಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ಜಿಲ್ಲೆ ಸೇರಿದ ಒಂದು ದೊಡ್ಡ ವಿಭಾಗವೇ "ನಗರ ಡಿವಿಜನ್" ಆಗಿತ್ತು. ಅದಕ್ಕೆ ಆ ಕಾಲದ ಕಾಗದದಲ್ಲಿ "ನಗರ" ಎಂದು ಕಂಡರೆ ಅದು ಊರೋ, ತಾಲ್ಲೂಕೋ, ವಿಭಾಗವೋ ಎಂದು ಮೊದಲು ನೋಡಬೇಕು. ಚಿತ್ರದುರ್ಗದ ಕಡೆಯವರೊಬ್ಬರ ಮನೆಯ ಕಾಗದದಲ್ಲಿ ನಗರ ಎಂದಿದೆ ಅಂದ ಮಾತ್ರಕ್ಕೆ ಅವರ ಹಿರಿಯರು ಬಿದನೂರಿನವರಾಗುವುದಿಲ್ಲ.

ಆಮೇಲೆ ನಗರ ತಾಲ್ಲೂಕಿನ ಕಚೇರಿಯನ್ನು ಕಲ್ಲೂರುಕಟ್ಟೆ ಎಂಬ ಊರಿಗೆ ತಂದರು. ಆ ಊರಿಗೆ ಹೊಸನಗರ ಎಂಬ ಹೆಸರು ಬಂತು. ತಾಲ್ಲೂಕಿನ ಹಳೇ ಹೆಸರು ನಗರ, ಈಗಿನ ಹೆಸರು ಹೊಸನಗರ. ನೆಲ ಅದೇ, ಗಡಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗಿರಬಹುದು ಅಷ್ಟೇ. ನಿಮ್ಮ ಅಜ್ಜಯ್ಯನ ಕ್ರಯಪತ್ರ ಬರೆದವರು ಅವತ್ತಿನ ಹೆಸರನ್ನು ಸರಿಯಾಗಿಯೇ ಬರೆದಿದ್ದಾರೆ. ಅದರಲ್ಲಿ ತಪ್ಪಿಲ್ಲ. ತಪ್ಪಿಲ್ಲದ್ದನ್ನು ತಿದ್ದುವ ಪ್ರಶ್ನೆಯೂ ಇಲ್ಲ.

ಇಂಥ ಬದಲಾವಣೆ ನಮ್ಮ ಸುತ್ತ ಎಷ್ಟೋ ಆಗಿದೆ. ಕವಲೇದುರ್ಗ ತಾಲ್ಲೂಕು ಅಂದರೆ ಇವತ್ತಿನ ತೀರ್ಥಹಳ್ಳಿ. ಬೆಂಕಿಪುರ ಅಂದರೆ ಭದ್ರಾವತಿ. ಕೊಪ್ಪ, ಶೃಂಗೇರಿಯವರ ಹಳೇ ಪತ್ರದಲ್ಲಿ "ಕಡೂರು ಜಿಲ್ಲೆ" ಎಂದಿದ್ದರೆ ಅದು ಇವತ್ತಿನ ಚಿಕ್ಕಮಗಳೂರು ಜಿಲ್ಲೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಶಿವಮೊಗ್ಗ ಎಂದೇ ಬರೆಯಬೇಕೆಂದು ಆದಾಗ, ಬೆಳಗಾವಿಯೂ ಸೇರಿ ಒಟ್ಟು 12 ಊರುಗಳ ಹೆಸರು ಬದಲಾಯಿತು. ಹಳೇ ಕಾಗುಣಿತದಲ್ಲಿದ್ದ ಪತ್ರಗಳೇನೂ ಅದರಿಂದ ರದ್ದಾಗಲಿಲ್ಲ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಮೂಲ ಕ್ರಯಪತ್ರವನ್ನು ಇದ್ದ ಹಾಗೇ ಬಿಡುವುದು ಮೊದಲನೆಯದು. ನನ್ನ ಸಲಹೆಯೂ ಅದೇ. ಅದರ ಮೇಲೆ ಪೆನ್ನಿನಲ್ಲಿ "ಹೊಸ" ಎಂದು ಸೇರಿಸುವುದು, ಅಂಚಿನಲ್ಲಿ ಟಿಪ್ಪಣಿ ಬರೆಯುವುದು ಯಾವ ಕಾರಣಕ್ಕೂ ಬೇಡ. ಒಳ್ಳೆಯ ಮನಸ್ಸಿನಿಂದ ಹೀಗೆ ಎರಡಕ್ಷರ ಸೇರಿಸಿ, ಚೊಕ್ಕವಾಗಿದ್ದ ಪತ್ರದ ಮೇಲೆ ಅನುಮಾನ ತಂದುಕೊಂಡ ಮನೆಗಳನ್ನು ನೋಡಿದ್ದೇನೆ. ಕಣ್ಣೆದುರೇ ಮನೆಯವರು ಕಂಗಾಲಾಗುವುದನ್ನು ನೋಡುವುದು ಸಂಕಟ.

ಭಾವನವರು ಹೇಳುವ ತಿದ್ದುಪಡಿ ಪತ್ರ ಎರಡನೆಯದು. ಅದು ಇರುವುದು ಪತ್ರ ಬರೆಯುವಾಗಲೇ ಆದ ತಪ್ಪಿಗೆ. ಸರ್ವೆ ನಂಬರ್ ತಪ್ಪಿದೆ, ಹೆಸರಿನ ಅಕ್ಷರ ತಪ್ಪಿದೆ ಅಂಥವಕ್ಕೆ. ಅದಕ್ಕೆ ಕೊಟ್ಟವರು, ಕೊಂಡವರು ಇಬ್ಬರ ಕಡೆಯವರೂ ಬರಬೇಕು. ಅಜ್ಜಯ್ಯನ ಕಾಲದ ಮಾರಾಟಗಾರರ ವಾರಸುದಾರರನ್ನು ಈಗ ಹುಡುಕಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸುವುದು ಕಷ್ಟದ ಕೆಲಸ. ಬಂದವರಲ್ಲಿ ಒಬ್ಬರು ಹೊಸ ತಕರಾರು ಎತ್ತಿದರೂ ಇಲ್ಲದ ತಲೆನೋವು ಶುರು. ತಾಲ್ಲೂಕಿನ ಹೆಸರು ಬದಲಾಗಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಮಾಡಬೇಡಿ.

ನಿಜವಾಗಿ ನೋಡಬೇಕಾದ್ದು ಹೆಸರನ್ನಲ್ಲ, ಸರ್ವೆ ನಂಬರನ್ನು. ಕ್ರಯಪತ್ರದಲ್ಲಿರುವ ನಂಬರು, ಗ್ರಾಮದ ಹೆಸರು, ಹೋಬಳಿ, ಚಕ್ಕುಬಂದಿ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈಗಿನ ಪಹಣಿಯನ್ನು ಪಕ್ಕದಲ್ಲಿಡಿ. ನಡುವೆ ನಂಬರು ಬದಲಾಗಿದ್ದರೆ, ಹಿಸ್ಸಾ ಆಗಿದ್ದರೆ, ಅಂದರೆ ನಂಬರು ಒಡೆದು ಪಾಲಾಗಿದ್ದರೆ, ಸರ್ವೆ ಇಲಾಖೆಯಲ್ಲಿ ಆಕಾರ್‌ಬಂದ್ (ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ) ಎರಡರ ನಕಲು ಕೇಳಿ. ಜೊತೆಗೆ ಋಣಭಾರ ಪತ್ರ ತೆಗೆಸಿ. ಗಮನಿಸಬೇಕಾದ ಒಂದು ವಿಷಯ: ನಗರ ಎಂಬುದು ಈಗ ಹೊಸನಗರ ತಾಲ್ಲೂಕಿನ ಒಂದು ಹೋಬಳಿಯ ಹೆಸರೂ ಹೌದು. ನಿಮ್ಮ ಪತ್ರದಲ್ಲಿ ಇರುವುದು "ನಗರ ತಾಲ್ಲೂಕು". ಅದನ್ನು ಹೋಬಳಿ ಎಂದು ಓದಿಕೊಂಡು ಬೇರೆ ಗ್ರಾಮದಲ್ಲಿ ನಂಬರು ಹುಡುಕಿದರೆ ಯಾರದೋ ತೋಟ ಎದುರು ಬರುತ್ತದೆ. ಗಾಬರಿ ಆಗುವುದು ಹೆಚ್ಚಾಗಿ ಇಲ್ಲಿಯೇ.

ಮುಂದೆ ಪಾಲುಪಟ್ಟಿಯೋ ದಾನಪತ್ರವೋ ಆಗುವಾಗ ಆಸ್ತಿಯ ವಿವರದಲ್ಲಿ "ಹೊಸನಗರ ತಾಲ್ಲೂಕು, ಹಿಂದಿನ ನಗರ ತಾಲ್ಲೂಕು" ಎಂದು ಎರಡನ್ನೂ ಬರೆಸಿ. ಪತ್ರ ಬರೆಯುವವರಿಗೆ ಮೊದಲೇ ಹೇಳಿಡಿ. ನಂಬರುಗಳು ತಾಳೆ ಆಗದಿದ್ದರೆ ಮಾತ್ರ ವಕೀಲರ ಹತ್ತಿರ ಹೋಗಿ. ಅಲ್ಲಿಂದ ಮುಂದಿನದು ಚರಿತ್ರೆ ಮೇಷ್ಟರ ಕೆಲಸ ಅಲ್ಲ.

ಮೂರನೆಯದು ಬೆಳಗಾಮಿ. ದೊಡ್ಡಪ್ಪನವರು ಬರೆದಿಟ್ಟ ಚೀಟಿಯ ಫೋಟೋವನ್ನು ನೀವು ಪತ್ರದ ಜೊತೆ ಕಳಿಸಿದ್ದೀರಿ. ಬಹಳ ಅಚ್ಚುಕಟ್ಟಾದ ಕೈಬರಹ. ಊರಿನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಎಸ್, ಕೆ ಎಂದು ಎರಡಕ್ಷರ, ಆಮೇಲೆ ಒಂದು ಸಂಖ್ಯೆ ಬರೆದಿದ್ದಾರೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡಕ್ಷರದಲ್ಲೇ ಇದೆ.

ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಪ್ರತಿ ತಾಲ್ಲೂಕಿಗೆ ಎರಡಕ್ಷರದ ಗುರುತು. ಎಸ್-ಕೆ ಅಂದರೆ ಶಿಕಾರಿಪುರ. ಏಳನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿಯ ಶಾಸನಗಳಿವೆ. ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ನೋಡಿ, ಅಲ್ಲಿಯೂ ತಾಲ್ಲೂಕಿನ ಹೆಸರು ನಗರ ಎಂದೇ ಇದೆ. ಭಾವನವರಿಗೆ ಇದನ್ನೂ ತೋರಿಸಬಹುದು.

ದೊಡ್ಡಪ್ಪ ಕಂಡ ಬೆಳಗಾಮಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಶಿರಾಳಕೊಪ್ಪದ ಪಕ್ಕದ ಊರು. ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಅದನ್ನು ಬೆಳಗಾಮಿ ಎಂದು ಬರೆಯುತ್ತಿದ್ದರು. ಬೆಳಗಾವಿಯನ್ನು ಬರೆಯುತ್ತಿದ್ದ ರೀತಿಗೂ ಇದಕ್ಕೂ ಒಂದೆರಡು ಅಕ್ಷರದ ವ್ಯತ್ಯಾಸ. ನಿಮ್ಮ ಮನೆಯವರು ಹಾಗೆ ಓದಿಕೊಂಡದ್ದು ಸಹಜವೇ. ಅದೇ ತರಹ ಓದಿಕೊಂಡವರು ಬೇರೆಯವರೂ ಇದ್ದಾರೆ.

ಎರಡೂ ದೊಡ್ಡ ಊರುಗಳೇ, ಬೇರೆ ಬೇರೆ ರೀತಿಯಲ್ಲಿ. ಬೆಳಗಾವಿಯ ಕೋಟೆಯಲ್ಲಿ ರಟ್ಟರ ಕಾಲದ, 1204ರ ಕಮಲ ಬಸದಿ ಇದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಅಲ್ಲಿ ನಡೆಯಿತು. ಬಳ್ಳಿಗಾವಿ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಅಲ್ಲಮಪ್ರಭುವಿನ ಊರು. ಅಲ್ಲಿನ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳು, 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡದ ಕಂಬ ಇವತ್ತಿಗೂ ನೋಡಲು ಸಿಗುತ್ತವೆ. 1162ರ ಒಂದು ಶಾಸನ ಅಲ್ಲಿನ ಕೋಡಿಯ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದ ಓದಿಸುವ, ವ್ಯಾಕರಣ ಕಲಿಸುವ, ಹಸಿದವರಿಗೆ ಅನ್ನ ಹಾಕುವ, ರೋಗಿಗಳಿಗೆ ಮದ್ದು ಕೊಡುವ ಜಾಗ ಅದು ಎಂದು. ಆ ಸಾಲುಗಳನ್ನು ತರಗತಿಯಲ್ಲಿ ಓದುವಾಗಲೆಲ್ಲ ನನಗೆ ಮೈ ಜುಮ್ ಎನ್ನುತ್ತದೆ. ಮನೆಯಿಂದ ಅರ್ಧ ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ ಇದೆ, ನಮ್ಮ ಜಿಲ್ಲೆಯವರೇ ಎಷ್ಟೋ ಜನ ನೋಡಿಲ್ಲ.

ವಂಶಾವಳಿಯಲ್ಲಿ "ಮೂಲ ಬೆಳಗಾವಿ" ಎಂದು ಬರೆಯಬೇಡಿ. ಹಾಗೆಂದು ಅದನ್ನು ಅಳಿಸಿ "ಮೂಲ ಬಳ್ಳಿಗಾವಿ" ಎಂದೂ ಈಗಲೇ ಬರೆಯಬೇಡಿ. ಒಂಬೈನೂರು ವರ್ಷದ ಹಿಂದಿನ ಶಾಸನದಲ್ಲಿ ದತ್ತಿ ಪಡೆದವರ ಹೆಸರು ನಿಮ್ಮ ಮನೆಯಲ್ಲಿ ಬರುವ ಹೆಸರಿನ ಹಾಗೇ ಇರಬಹುದು. ಊರುಗಳ ಹಾಗೆ ಮನುಷ್ಯರ ಹೆಸರೂ ಮತ್ತೆ ಮತ್ತೆ ಬರುತ್ತವೆ. ಶಾಸನದ ಕಾಲಕ್ಕೂ ನಿಮಗೆ ಗೊತ್ತಿರುವ ಅತಿ ಹಿರಿಯರ ಕಾಲಕ್ಕೂ ನಡುವೆ ಯಾವ ಕಾಗದವೂ ಇಲ್ಲದಿದ್ದರೆ ನಂಟು ಹೇಳಲು ಬರುವುದಿಲ್ಲ. "ಬಳ್ಳಿಗಾವಿಯ ಶಾಸನವೊಂದನ್ನು ದೊಡ್ಡಪ್ಪನವರು ಗುರುತು ಮಾಡಿಟ್ಟಿದ್ದರು" ಎಂದು ಅವರ ಹೆಸರಿನ ಜೊತೆ ಬರೆಯಿರಿ. ಅದು ನಿಜ, ಅವರ ಶ್ರದ್ಧೆಗೂ ಗೌರವ ಸಲ್ಲುತ್ತದೆ.

ನೀವು ಹೆಚ್ಚು ಅಂಜಿರುವುದು ಸಮಿತಿಯವರ ಬೇಸರಕ್ಕೆ ಅನ್ನಿಸಿತು. ವಾಟ್ಸ್ಯಾಪ್ ಬರಹವನ್ನು ಹಾಗೇ ಅಚ್ಚು ಹಾಕಿದರೆ ಅವತ್ತಿಗೆ ಯಾರಿಗೂ ಬೇಸರ ಆಗುವುದಿಲ್ಲ. ಆದರೆ ಶಾಲೆಯ ಹೆಸರಿನಲ್ಲಿ ಅಚ್ಚಾದದ್ದನ್ನು ಮುಂದೆ ಬರೆಯುವವರು ಆಧಾರ ಎಂದು ಹಿಡಿಯುತ್ತಾರೆ. ಮೊಬೈಲಿನಲ್ಲಿ ಬಂದದ್ದು ವಾರದಲ್ಲಿ ಮರೆತುಹೋಗುತ್ತದೆ, ಸಂಚಿಕೆ ಕಪಾಟಿನಲ್ಲಿ ಐವತ್ತು ವರ್ಷ ಇರುತ್ತದೆ. ಯಾರಿಗೂ ಹೇಳದೆ ಸುಮ್ನೆ ಕೈಬಿಟ್ಟರೆ ನಮ್ಮೂರಿನ ದೊಡ್ಡ ಚರಿತ್ರೆಯನ್ನು ಮುಚ್ಚಿಟ್ಟರು ಎಂಬ ಮಾತು ನಿಮ್ಮ ಮೇಲೆ ಬರಬಹುದು. ನಾನಾಗಿದ್ದರೆ "ಮೂರು ಸಾಗರಗಳು" ಎಂದು ತಲೆಬರಹ ಕೊಟ್ಟು ಮೂರನ್ನೂ ಹಾಕುತ್ತಿದ್ದೆ. ಯಾವುದು ಎಲ್ಲಿಯದು ಎಂದು ಸ್ಪಷ್ಟವಾಗಿ ಹೇಳಿ, ನಮ್ಮ ಸಾಗರಕ್ಕೆ ಹೆಚ್ಚು ಪುಟ ಕೊಡುತ್ತಿದ್ದೆ. ಬರಹ ಕಳಿಸಿದವರಿಗೂ ಅವಮಾನ ಆಗುವುದಿಲ್ಲ. ಸಮಿತಿಯ ಸಭೆಯಲ್ಲಿ ಓದುವ ಮೊದಲು ಅವರೊಬ್ಬರಿಗೇ ತೋರಿಸಿ, ಮಾತಾಡಿ. ಹತ್ತು ಜನರ ಎದುರು ತಪ್ಪು ಎಂದರೆ ಯಾರೂ ಒಪ್ಪುವುದಿಲ್ಲ.

ಸಂಚಿಕೆಯನ್ನು ಹಳೇ ವಿದ್ಯಾರ್ಥಿಗಳಿಗೆ ಅಂಚೆಯಲ್ಲಿ ಕಳಿಸುವಾಗ, ಕಾರ್ಯಕ್ರಮಕ್ಕೆ ದೂರದಿಂದ ಬರುವವರಿಗೆ ದಾರಿ ಹೇಳುವಾಗ ಒಂದು ಎಚ್ಚರಿಕೆ. ಸಾಗರದ ಪಕ್ಕದಲ್ಲಿ ಶಿವಮೊಗ್ಗ ಜಿಲ್ಲೆ ಮತ್ತು ಪಿನ್‌ಕೋಡ್ 577401 ಎರಡನ್ನೂ ಬರೆಯಿರಿ. ರೈಲಿನಲ್ಲಿ ಬರುವವರಿಗೆ ನಿಲ್ದಾಣದ ಹೆಸರು "ಸಾಗರ ಜಂಬಗಾರು" ಎಂದು ಪೂರ್ತಿ ಹೇಳಿ, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಮಾರ್ಗ. ಬರೀ ಸಾಗರ ಎಂದು ಹುಡುಕಿದರೆ ಮಧ್ಯಪ್ರದೇಶದ ನಿಲ್ದಾಣವೂ ಎದುರಿಗೆ ಬರಬಹುದು.

ದೊಡ್ಡಪ್ಪನವರ ಚೀಟಿಯಲ್ಲಿ ಸಂಖ್ಯೆಯ ಕೊನೆಯ ಅಂಕಿ ಫೋಟೋದಲ್ಲಿ ಮಸುಕಾಗಿದೆ. ಬೆಳಕಿನಲ್ಲಿಟ್ಟು ಇನ್ನೊಂದು ಸಲ ತೆಗೆದು ಕಳಿಸಿ. ಆ ಶಾಸನದ ಪಾಠ ಹುಡುಕಿ, ಯಾರು ಯಾರಿಗೆ ಏನು ದತ್ತಿ ಕೊಟ್ಟರು ಎಂದು ಕನ್ನಡದಲ್ಲಿ ಬರೆದು ಕೊಡುತ್ತೇನೆ.